ಮೂರು ಸಲ ಓದಿದ ವಾಕ್ಯ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಇಬ್ಬರು ಹೆಂಗಸರು ಮೊದಲ ಸಲ ದೆಹಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿಗೆ ಬಂದದ್ದು ಡಿಸೆಂಬರಿನ ಕೊನೆಗೋ ಜನವರಿಯ ಮೊದಲಿಗೋ ಖಚಿತವಿಲ್ಲ. ಅವರಲ್ಲಿ ದೊಡ್ಡವರು ಉಟ್ಟಿದ್ದ ಸೀರೆ ಹಸಿರು ಎಂದು ನನ್ನ ನೆನಪು. ಅಮ್ಮ ನೀಲಿ ಎನ್ನುತ್ತಾಳೆ. ಆಗ ನಾನು ಡೈರಿ ಬರೆಯುತ್ತಿದ್ದೆ, ಅದೂ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಆ ದಿನದ ಪುಟದಲ್ಲಿ ತಾರೀಖಿಲ್ಲ, ಇರುವುದು ಎರಡೇ ಸಾಲು: "ಮನೆಯಲ್ಲಿ ರಾಗಿಮುದ್ದೆ. ತುಂಬ ನಕ್ಕೆವು." ಯಾತಕ್ಕೆ ನಕ್ಕೆವು ಎಂದು ಬರೆದಿಲ್ಲ. ಹಳೆಯ ದಾಖಲೆಗಳನ್ನು ಅನುಮಾನಿಸುತ್ತ ಓದುವುದನ್ನು ಎರಡು ವರ್ಷ ಕೂತು ಕಲಿತು ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ನನ್ನ ಸ್ವಂತ ದಾಖಲೆಯ ಗತಿ ಇದು.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ಸಾವಿರದ ಐದರ ಆಚೀಚೆಯ ಮಾತು. ನನಗೆ ಪರಿಚಯವಿದ್ದ ವಕೀಲೆಯೊಬ್ಬರು ಫೋನು ಮಾಡಿದರು. ಅವರು ದೆಹಲಿಯವರೇ, ಕನ್ನಡ ಬಾರದು. ಕರ್ನಾಟಕದ ಗಡಿಯಲ್ಲಿರುವ ಕಾಡಂಚಿನ ಹಳ್ಳಿಯೊಂದರಿಂದ ಒಬ್ಬ ಹೆಂಗಸು, ಜೊತೆಗೆ ಆಕೆಯ ನಾದಿನಿ, ಮಾನವ ಹಕ್ಕುಗಳ ಆಯೋಗವೊಂದರ ಮುಂದೆ ಹೇಳಿಕೆ ಕೊಡಲು ಬರುತ್ತಿದ್ದಾರೆ, ಅವರ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳಲು ಯಾರಾದರೂ ಬೇಕು ಎಂದರು. ಉಳಿಯಲು ಕಾಳಿಬಾರಿ ದೇವಸ್ಥಾನದ ಹತ್ತಿರ ಒಂದು ಲಾಡ್ಜು ನೋಡಿದ್ದರಂತೆ. ಅಪ್ಪ ಪೇಪರಿನಿಂದ ತಲೆಯೆತ್ತದೆ ಹೇಳಿದರು: "ನಮ್ಮೂರಿನ ಕಡೆಯವರನ್ನ ಲಾಡ್ಜಲ್ಲಿ ಇಳಿಸೋದಾ? ಇಲ್ಲಿಗೇ ಕರ್ಕೊಂಡು ಬಾ." ಅವರ ಊರಿಗೂ ನಮ್ಮೂರಿಗೂ ಇನ್ನೂರು ಮೈಲಿ ದೂರ. ದೆಹಲಿಯಲ್ಲಿ ಕೂತು ನೋಡಿದರೆ ಅದೆಲ್ಲ ಪಕ್ಕದ ಬೀದಿ.

ಇಬ್ಬರಲ್ಲಿ ದೊಡ್ಡವರನ್ನು ನಾನು ದೊಡ್ಡಮ್ಮ ಎಂದು ಕರೆದೆ. ಅವರ ಕತೆ ಹೇಳಲು ಹೆಚ್ಚು ಹೊತ್ತು ಬೇಡ, ಅವರೂ ಹೆಚ್ಚು ಹೊತ್ತು ಹೇಳಲಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ, ಕಾಡಿನಲ್ಲಿ ತಲೆಮರೆಸಿಕೊಂಡಿದ್ದವರನ್ನು ಹುಡುಕಲು ಬಂದ ಪೊಲೀಸರು, ಅವರಿಗೆ ಅಕ್ಕಿ ಕೊಟ್ಟಿದ್ದೀಯ ಎಂದು ಇವರನ್ನು ಹಿಡಿದುಕೊಂಡು ಹೋದರು. ಐದು ತಿಂಗಳು ಕ್ಯಾಂಪಿನಲ್ಲಿ ಇಟ್ಟುಕೊಂಡರು. ಕೇಸು ಹಾಕಲಿಲ್ಲ, ಕೋರ್ಟಿಗೆ ಒಯ್ಯಲಿಲ್ಲ. ಹೊಡೆದರು. ಬಲಗೈಯ ಮೂರು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಒಂದು ಬೆಳಿಗ್ಗೆ ಹೋಗು ಎಂದರು.

"ಓಗು ಅಂದವ್ರು, ಯಾಕೆ ಇಡ್ಕಂಡು ಬಂದಿದ್ವಿ ಅಂತ ಏಳ್ನೇ ಇಲ್ಲ ಕನವ್ವ," ಎಂದರು ದೊಡ್ಡಮ್ಮ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ ಎನ್ನುವ ಹಾಗೆ ಹೇಳಿದರು.

ಬಂದ ದಿನವೇ ನಾದಿನಿ ಚೀಲದಿಂದ ರಾಗಿ ಹಿಟ್ಟು ತೆಗೆದಳು. ದೆಹಲಿಯಲ್ಲಿ ಏನು ಸಿಕ್ಕುತ್ತದೋ ಇಲ್ಲವೋ ಎಂದು ಎರಡು ದಿನದ ರೈಲಿನಲ್ಲಿ ತಲೆಗೆ ದಿಂಬು ಮಾಡಿಕೊಂಡು ತಂದ ಹಿಟ್ಟು. ನಮ್ಮ ಮನೆಯಲ್ಲಿ ಮುದ್ದೆ ಕೋಲು ಇರಲಿಲ್ಲ. ಅಮ್ಮ ಚಪಾತಿ ಲಟ್ಟಣಿಗೆ ಕೊಟ್ಟಳು. ನಾದಿನಿ ತಿರುವುತ್ತ, ದೊಡ್ಡಮ್ಮ ಪಕ್ಕದಲ್ಲಿ ನಿಂತು ಹುಕುಂ ಕೊಡುತ್ತ, ಅಡಿಗೆಮನೆಯ ಕಿಟಕಿಯ ಗಾಜಿಗೆಲ್ಲ ಆವಿ ಕೂತಿತು. ಕೆಳಗಿನ ಮನೆಯ ಪಂಜಾಬಿ ಆಂಟಿ ಮೆಟ್ಟಿಲು ಹತ್ತಿ ಬಂದು ಆ ಕಪ್ಪು ಉಂಡೆಗಳನ್ನು ನೋಡಿ, "ಯೇ ಕ್ಯಾ ಲಡ್ಡೂ ಹೈ?" ಎಂದು ಕೇಳಿ, ಒಂದನ್ನು ಎತ್ತಿಕೊಂಡು ಕಚ್ಚಿಯೇಬಿಟ್ಟರು. ಅವರ ಮುಖವನ್ನು ನಾನು ಇವತ್ತಿಗೂ ವರ್ಣಿಸಲಾರೆ. ಅಗಿಯಬಾರದು ನುಂಗಬೇಕು ಎಂದು ನಾನು ಹಿಂದಿಯಲ್ಲಿ ಹೇಳುವಷ್ಟರಲ್ಲಿ ತಡವಾಗಿತ್ತು.

ಡೈರಿಯ "ತುಂಬ ನಕ್ಕೆವು" ಇದಕ್ಕೋ, ಸಂಜೆ ನಡೆದದ್ದಕ್ಕೋ ಗೊತ್ತಿಲ್ಲ. ಸಂಜೆ ನಡೆದದ್ದು ಹೇಳಬೇಕಾದರೆ ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು.

ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಇಪ್ಪತ್ತೆರಡನೆಯ ವಯಸ್ಸಿಗೆ ದೆಹಲಿಗೆ ಬಂದು ಗುಮಾಸ್ತರಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿದವರು. ಫೈಲಿನ ಎಡಗಡೆ ಟಿಪ್ಪಣಿ, ಬಲಗಡೆ ಪತ್ರ. ಬಲಗಡೆ ಇಲ್ಲದ್ದನ್ನು ಎಡಗಡೆ ಬರೆಯುವಂತಿಲ್ಲ. ಈ ನಿಯಮವನ್ನು ಅವರು ಮನೆಗೂ ತಂದಿದ್ದರು. ಅತ್ತೆ ಊರಿನಿಂದ "ಎಲ್ಲರೂ ಕ್ಷೇಮ" ಎಂದು ಬರೆದರೆ, "ಎಲ್ಲರೂ ಅಂದ್ರೆ ಯಾರು ಯಾರು?" ಎಂದು ತಿರುಗಿ ಕಾರ್ಡು ಹಾಕುತ್ತಿದ್ದರು. ಗ್ಯಾಸ್ ಬುಕ್ಕಿನಿಂದ ಹಿಡಿದು ನನ್ನ ಮೂರನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನವರೆಗೆ ಪ್ರತಿಯೊಂದಕ್ಕೂ ಮೂರು ಜೆರಾಕ್ಸ್ ಪ್ರತಿ ಇದ್ದವು. ಅಕ್ಷರ ಕೂಡಿಸುವುದು ಕಳೆಯುವುದು ಅವರ ದೃಷ್ಟಿಯಲ್ಲಿ ಸುಳ್ಳಿನ ಮೊದಲ ಮೆಟ್ಟಿಲು. ನಾನು ಕತೆ ಹೇಳುವಾಗ ಸ್ವಲ್ಪ ಮಸಾಲೆ ಸೇರಿಸಿದರೆ, "ಇದು ರೆಕಾರ್ಡಲ್ಲಿ ಇದೆಯಾ?" ಎನ್ನುತ್ತಿದ್ದರು.

ಆ ಸಂಜೆ ದೊಡ್ಡಮ್ಮನ ಹೇಳಿಕೆಯನ್ನು ಬರೆದುಕೊಳ್ಳುವ ಕೆಲಸವನ್ನು ಅಪ್ಪ ತಾವೇ ವಹಿಸಿಕೊಂಡರು. ಅವರು ಮೊದಲು ಕನ್ನಡದಲ್ಲಿ ಬರೆಯುವುದು, ನಾನು ಇಂಗ್ಲಿಷಿಗೆ ಮಾಡುವುದು. ದೊಡ್ಡಮ್ಮ ಅರ್ಧ ಗಂಟೆ ಹೇಳಿದರು. ಅಪ್ಪ ಉದ್ದ ಹಾಳೆಯಲ್ಲಿ ಅಂಚು ಬಿಟ್ಟು, ನಂಬರು ಹಾಕಿ ಬರೆದರು. ಬರೆದದ್ದನ್ನು ಕನ್ನಡಕ ಸರಿಮಾಡಿಕೊಂಡು ಓದಿದರು:

"ಅರ್ಜಿದಾರಳನ್ನು ಸದರಿ ದಿನದಂದು ಆಕೆಯ ನಿವಾಸದಿಂದ ಕರೆದೊಯ್ಯಲಾಗಿದ್ದು, ತದನಂತರ ಆಕೆಯೊಂದಿಗೆ ಅನುಚಿತವಾಗಿ ವರ್ತಿಸಲಾಗಿರುತ್ತದೆ."

ದೊಡ್ಡಮ್ಮ ಕಿವಿಗೊಟ್ಟು ಕೇಳಿ, ಅನುಕಂಪದಿಂದ ಕೇಳಿದರು: "ಪಾಪ, ಯಾರ ಸುದ್ದಿ ಸ್ವಾಮಿ ಇದು?"

"ನಿಮ್ಮದೇ," ಎಂದರು ಅಪ್ಪ.

"ನಂದಾ? ನಾನು ವಡುದ್ರು ಅಂದೆ. ವಡದವ್ರು ಎಲ್ಲೋದ್ರು ಇದ್ರಲ್ಲಿ?"

ಅಪ್ಪ ಹಾಳೆಯನ್ನು ನೋಡಿದರು. ಹೊಡೆದವರು ಅಲ್ಲಿ ನಿಜಕ್ಕೂ ಇರಲಿಲ್ಲ.

ನಾದಿನಿ ಮೂಲೆಯಿಂದ, "ಬುಡತ್ಗೆ, ನೀನು ಸದರಿ ಆಗೋದೆ. ಇನ್ಮೇಕೆ ಊರಲ್ಲಿ ಸದರಿ ಅತ್ಗೆ ಅಂತ್ಲೇ ಕರೀತೀನಿ," ಎಂದಳು. ಮೊದಲು ಅಮ್ಮ ನಕ್ಕಳು. ಆಮೇಲೆ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನಿಗೆ ಒಂದು ಕ್ಷಣ ಅವಮಾನವಾಯಿತೇನೋ. ನಂತರ ಅವರೂ ನಕ್ಕರು, ಹಾಳೆಯನ್ನು ಹರಿದರು. ಅಪ್ಪ ಕಾಗದ ಹರಿದದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಬೇಡವಾದದ್ದಕ್ಕೆ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು, ಸಹಿ ಹಾಕಿ ಇಟ್ಟುಕೊಳ್ಳುವುದು ಅವರ ಕ್ರಮ.

"ಮೂವತ್ತು ವರ್ಷ ಆಯ್ತು, 'ನಾನು' ಅಂತ ಬರೆದು," ಎಂದು ಹೊಸ ಹಾಳೆ ತೆಗೆದುಕೊಂಡರು. "ಹೇಳಿ. ನಿಮ್ಮ ಬಾಯಲ್ಲಿ ಬಂದ ಹಾಗೆ ಬರೀತೀನಿ."

ಮರುದಿನ ವಕೀಲೆ ಮನೆಗೆ ಬಂದರು. ಬಿಸಿಲಿಗೆ ಕ್ವಾರ್ಟರ್ಸಿನ ಮುಂದಿನ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಕೂತೆವು. ಸುತ್ತ ಅಕ್ಕಪಕ್ಕದ ಹೆಂಗಸರು ಸ್ವೆಟರ್ ಹೆಣೆಯುತ್ತ, ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಇಂಗ್ಲಿಷಿಗೆ ಮಾಡಿದ ಹೇಳಿಕೆಯನ್ನು ವಕೀಲೆ ಓದಿ ಮೆಚ್ಚಿದರು. ಕೊನೆಗೆ, "ಆಯೋಗದಿಂದ ಏನು ಬೇಕು ಅಂತ ಕೇಳಿ," ಎಂದರು. ನಾನು ಕೇಳಿದೆ.

"ನಂದೇನೂ ತಪ್ಪಿಲ್ಲ ಅಂತ ಒಂದು ಕಾಗ್ದ," ಎಂದರು ದೊಡ್ಡಮ್ಮ. ಯೋಚನೆಯನ್ನೇ ಮಾಡಲಿಲ್ಲ. "ಸೀಲಿರ್ಬೇಕು."

ಯಾಕೆ ಎಂದರೆ, ಅವರು ಸುತ್ತ ಏಳೆಂಟು ಊರಿಗೆ ಸೋಬಾನೆ ಹಾಡುವವರು. ಮದುವೆಮನೆಯಲ್ಲಿ ಹೆಣ್ಣಿಗೆ ಎಣ್ಣೆ ಅರಿಸಿನ ಹಚ್ಚುವಾಗಿನಿಂದ ಕಳಿಸಿಕೊಡುವವರೆಗೆ ಅವರ ಹಾಡಿಲ್ಲದೆ ಏನೂ ನಡೆಯುತ್ತಿರಲಿಲ್ಲವಂತೆ. ಕ್ಯಾಂಪಿನಿಂದ ಬಂದ ಮೇಲೆ ಯಾರೂ ಕರೆಯಲಿಲ್ಲ. ಇವರನ್ನು ಕರೆದರೆ ಜೀಪು ತಮ್ಮ ಚಪ್ಪರದ ಮುಂದೆಯೂ ನಿಂತೀತು ಎಂದು ಹೆದರಿದರು. ಆಮೇಲೆ ಜೀಪು ಬರುವುದೇ ನಿಂತುಹೋಯಿತು. "ಭಯ ವೋಯ್ತು. ಕರೀದೆ ಇರದು ಮಾತ್ರ ಅಂಗೇ ಉಳ್ಕತು," ಎಂದರು.

ವಕೀಲೆ ಒಳ್ಳೆಯವರು, ಸುಳ್ಳು ಭರವಸೆ ಕೊಡುವವರಲ್ಲ. ಆಯೋಗ ಪರಿಹಾರದ ಹಣ ಕೊಡಿಸಬಹುದು, ಅದೇ ಕಷ್ಟ. ದೊಡ್ಡಮ್ಮ ಕೇಳುವಂಥ ಮಾತನ್ನು ಆದೇಶದಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ ಎಂದರು. ನಾನು ಅದನ್ನು ಕನ್ನಡಕ್ಕೆ ತಂದೆ. ಎಷ್ಟು ಮೆತ್ತಗೆ ತಂದೆ ಎಂದು ಈಗ ಹೇಳಲಾರೆ. ಅಪ್ಪ ಪಕ್ಕದಲ್ಲೇ ಇದ್ದರು, ರೆಕಾರ್ಡಲ್ಲಿ ಇದೆಯಾ ಎಂದು ಕೇಳಲಿಲ್ಲ. ದೊಡ್ಡಮ್ಮ, "ಕೇಳಿ ನೋಡಾನ," ಎಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡರು.

ಆಯೋಗದ ಕೋಣೆಯಲ್ಲಿ ಕಳೆದ ಮುಕ್ಕಾಲು ಗಂಟೆಯ ಬಗ್ಗೆ ನನ್ನ ನೆನಪನ್ನು ನಂಬುವುದು ಬೇಡ. ನಾನು ಬೆವರುತ್ತಿದ್ದೆ, ಅದು ಹೀಟರಿನಿಂದಲೋ ಹೆದರಿಕೆಯಿಂದಲೋ. ದೊಡ್ಡಮ್ಮ ಬೆವರಲಿಲ್ಲ. ಹಾಳೆಯಲ್ಲಿ ಇದ್ದದ್ದನ್ನೇ ಹೇಳಿದರು, ಕೇಳಿದಾಗ ಕೈ ಮುಂದೆ ಚಾಚಿದರು, ಕೊನೆಗೆ ಕಾಗದದ ಮಾತನ್ನೂ ಹೇಳಿದರು. ಹೊರಗೆ ಬಂದಾಗ ಅವರಿಗಿದ್ದ ಪ್ರಶ್ನೆ ಒಂದೇ: ಇಷ್ಟು ದೂರ ಬಂದಿದ್ದೇವೆ, ಸ್ವಾಮಿಗಳ ಆಫೀಸು ನೋಡಬೇಡವೇ?

ಅಪ್ಪನ ಜೀವನದಲ್ಲಿ ಯಾರೂ ಅವರ ಆಫೀಸು ನೋಡಬೇಕೆಂದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಿ, ರಸ್ತೆಯ ಈಚೆಗೆ ನಿಲ್ಲಿಸಿ, ಆ ದೊಡ್ಡ ಕಟ್ಟಡದಲ್ಲಿ ಮೂರನೇ ಮಹಡಿಯ ಒಂದು ಕಿಟಕಿಯನ್ನು ತೋರಿಸಿದರು. ಕೂಲರಿನ ತುಕ್ಕು ಹಿಡಿದ ಡಬ್ಬ ಹೊರಗೆ ಚಾಚಿಕೊಂಡಿದ್ದ ಕಿಟಕಿ.

"ಇಷ್ಟು ದೊಡ್ಡ ಮನೇಲಿ ಒಂದೇ ಕಿಟಕಿನಾ ನಿಮ್ಗೆ?" ಎಂದಳು ನಾದಿನಿ.

"ಅರ್ಧ," ಎಂದರು ಅಪ್ಪ. "ಇನ್ನರ್ಧ ಬೇರೆಯವರದ್ದು."

ಎರಡನೆಯ ಸಲ ಅವರು ಬಂದದ್ದು ಒಂದು ವರ್ಷ ಬಿಟ್ಟು, ಹೋಳಿ ಹಬ್ಬಕ್ಕೆ ಎರಡು ದಿನ ಮೊದಲು. ಇದು ಮಾತ್ರ ಖಚಿತ, ಕಾರಣ ಮುಂದೆ ಬರುತ್ತದೆ. ಆದೇಶ ಬಂದಿತ್ತು, ಕೆಲವು ಕಡೆ ಅವರು ಹೆಬ್ಬೆಟ್ಟು ಹಾಕಬೇಕಿತ್ತು. ವಕೀಲೆಯ ಆಫೀಸಿನಲ್ಲಿ ಅದನ್ನು ಮುಗಿಸಿದೆವು. ವಕೀಲೆಗೆ ಕೋರ್ಟಿಗೆ ಹೊತ್ತಾಗಿತ್ತು. ಆದೇಶದ ಪ್ರತಿಯನ್ನು ನಮ್ಮ ಕೈಗೆ ಕೊಟ್ಟು, ಮನೆಯಲ್ಲಿ ಸಮಾಧಾನವಾಗಿ ಓದಿ ಹೇಳಿ ಎಂದು ಓಡಿದರು.

ಆಟೋದಿಂದ ಇಳಿದದ್ದೇ ತಡ, ಕಾಲೊನಿಯ ಮಕ್ಕಳು ತಾರಸಿಯ ಮೇಲಿಂದ ನೀರಿನ ಬಲೂನು ಎಸೆದರು. ಒಂದು ನಾದಿನಿಯ ಬೆನ್ನಿಗೆ ಬಿತ್ತು. ಅವಳು ಕಾರಿಡಾರಿನ ನಲ್ಲಿಯ ಕೆಳಗಿದ್ದ ಬಕೆಟ್ಟನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಅವರ ಬೆನ್ನು ಹತ್ತಿದಳು. ಮೇಲಿಂದ "ಆಂಟೀ ಸಾರಿ, ಆಂಟೀ ಸಾರಿ" ಎಂದು ಕೇಳಿಸಿತು. ಅಪ್ಪ ಆದೇಶವನ್ನು ಕೋಟಿನೊಳಗೆ ಇಟ್ಟುಕೊಂಡು, ಎರಡೂ ಕೈಯಿಂದ ಎದೆ ಒತ್ತಿಕೊಂಡು ಓಡಿದರು. ಪಂಜಾಬಿ ಆಂಟಿ ಬಾಗಿಲಲ್ಲಿ ಕಾದಿದ್ದು ದೊಡ್ಡಮ್ಮನ ಎರಡೂ ಕೆನ್ನೆಗೆ ಗುಲಾಬಿ ಬಣ್ಣ ಬಳಿದರು. ದೊಡ್ಡಮ್ಮ ಏನೂ ಯೋಚಿಸದೆ ಅದೇ ಬಣ್ಣವನ್ನು ಕೆನ್ನೆಯಿಂದ ಕೈಗೆ ತೆಗೆದುಕೊಂಡು ಅವರಿಗೂ ಹಚ್ಚಿದರು.

ಊಟದ ಮೇಜಿನ ಸುತ್ತ ಕೂತೆವು. ನಾನು ಓದಲು ಶುರುಮಾಡಿದೆ. ಆ ಇಂಗ್ಲಿಷು ಒಂದು ವಾಕ್ಯ ಶುರುವಾದರೆ ಪುಟ ತಿರುಗಿಸುವವರೆಗೆ ಮುಗಿಯದಂಥದ್ದು. ಪರಿಹಾರದ ಹಣ ಇಷ್ಟು, ಇಂಥವರು ಕೊಡತಕ್ಕದ್ದು, ಇಷ್ಟು ವಾರದೊಳಗೆ ಎಂದು ಹೇಳಿದೆ. ನಾದಿನಿ ಒದ್ದೆ ಸೀರೆಯಲ್ಲೇ ಚಪ್ಪಾಳೆ ತಟ್ಟಿದಳು.

"ಅದಿರ್ಲಿ ಕೂಸು," ಎಂದರು ದೊಡ್ಡಮ್ಮ. "ಆ ಮಾತು?"

ನಾನು ಮುಂದಿನ ಪುಟ ನೋಡಿದೆ. ಹಿಂದಿನ ಪುಟ ನೋಡಿದೆ. ಕೇಸು ದಾಖಲಾಗಿರಲಿಲ್ಲ ಎಂದೋ, ಸಾಕ್ಷ್ಯವೇನೂ ಮುಂದೆ ಬಂದಿಲ್ಲ ಎಂದೋ ಎಲ್ಲೋ ಇತ್ತು. ಅಥವಾ ಇತ್ತು ಎಂದು ಆಮೇಲೆ ನಾನೇ ಕಟ್ಟಿಕೊಂಡೆನೋ. ನನ್ನ ಬೆರಳು ಸಾಲಿನ ಮೇಲೆ ಓಡುತ್ತಿತ್ತು, ದೊಡ್ಡಮ್ಮನ ಕಣ್ಣು ಬೆರಳಿನ ಮೇಲಿತ್ತು. ಇಲ್ಲ ಎಂದು ಹೇಳಬೇಕಾದವಳು ನಾನೇ.

"ಕೊಡು ಇಲ್ಲಿ," ಎಂದರು ಅಪ್ಪ.

ಕನ್ನಡಕ ಒರೆಸಿ ಹಾಕಿಕೊಂಡರು. ಪುಟಗಳನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿ, ಒಂದು ಕಡೆ ನಿಲ್ಲಿಸಿ, ಕೆಮ್ಮಿ, ಆಫೀಸಿನ ದನಿಯಲ್ಲಿ ಓದಿದರು: "ಈ ಹೆಣ್ಣುಮಗಳು ಯಾವ ತಪ್ಪನ್ನೂ ಮಾಡಿಲ್ಲ."

ದೊಡ್ಡಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಇನ್ನೊಂದ್ಸಲ ಓದಿ ಸ್ವಾಮಿ."

"ಇವರಲ್ಲಿ ಯಾವ ತಪ್ಪೂ ಇಲ್ಲ, ಯಾವತ್ತೂ ಇರಲಿಲ್ಲ."

"ಇನ್ನೊಂದ್ಸಲ."

ಅಪ್ಪ ಹಾಳೆಯನ್ನು ಸ್ವಲ್ಪ ದೂರ ಹಿಡಿದರು. "ಇವರನ್ನು ಹಿಡಿದುಕೊಂಡು ಹೋದದ್ದೇ ತಪ್ಪು."

"ಬತ್ತಾ ಬತ್ತಾ ಚಂದಾಯ್ತದಲ್ಲ ಈ ಕಾಗ್ದ," ಎಂದಳು ನಾದಿನಿ.

ದೊಡ್ಡಮ್ಮ ನಗುತ್ತಿದ್ದರು, ಕೆನ್ನೆಯ ಗುಲಾಬಿ ಬಣ್ಣದಲ್ಲಿ ಕಣ್ಣೀರಿನ ಎರಡು ಗೆರೆ. ಅದು ಯಾವ ಸಾಲು, ಒಂದು ಗೀಟು ಹಾಕಿಕೊಡಿ ಎಂದರು. ಅಪ್ಪ, "ಒರಿಜಿನಲ್ ಮೇಲೆ ಗೀಟು ಹಾಕಬಾರದಮ್ಮ," ಎಂದರು. ಆಗ ದೊಡ್ಡಮ್ಮ, ಹಾಗಾದರೆ ತೋರಿಸಿ ಎಂದು ಕೈ ಚಾಚಿದರು. ಅಪ್ಪ ಅವರ ಮಡಿಚಿದ ಬೆರಳನ್ನು ಹಿಡಿದು ಒಂದು ಸಾಲಿನ ಮೇಲೆ ಇಟ್ಟರು. ಬೆರಳು ತೆಗೆದಾಗ ಅಂಚಿನಲ್ಲಿ ಗುಲಾಬಿ ಗುರುತು ಉಳಿಯಿತು. ಒರಿಜಿನಲ್ ಹಾಳಾಯಿತೆನ್ನದೆ ಅಪ್ಪ ಅದನ್ನು ಹಾಗೇ ಮಡಿಚಿ ಅವರ ಕೈಗೆ ಕೊಟ್ಟರು.

ಆ ಸಂಜೆ ನಮ್ಮ ಹುಲ್ಲಿನ ಮೇಲೆ ಆದದ್ದನ್ನು ಕಿದ್ವಾಯಿ ನಗರದವರು ಬಹಳ ದಿನ ಹೇಳುತ್ತಿದ್ದರು. ದೊಡ್ಡಮ್ಮ ಹಾಡಿದರು. ಯಾವ ಹೆಣ್ಣೂ ಇಲ್ಲ ಗಂಡೂ ಇಲ್ಲ, ಮದುವೆಯ ಹಾಡು ಮಾತ್ರ. ಅಮ್ಮ, ತಾನು ಮದುಮಗಳಾಗಿ ಕೂತದ್ದು ನೆನಪಾಗಿ, ಪಲ್ಲವಿಗೆ ಸೇರಿಕೊಂಡಳು. ಪಂಜಾಬಿ ಆಂಟಿ ಒಂದಕ್ಷರವೂ ತಿಳಿಯದೆ ಕುಣಿದರು, "ಚಲೋ, ಚಲೋ," ಎಂದು ಅಮ್ಮನನ್ನೂ ಎಳೆದರು. ಬಲೂನಿನ ಮಕ್ಕಳು ದೂರದಿಂದಲೇ ನೋಡುತ್ತಿದ್ದರು. ನಾದಿನಿಯ ಪಕ್ಕದಲ್ಲಿ ಇನ್ನೂ ಬಕೆಟ್ಟಿತ್ತು.

ಎರಡು ದಿನ ಬಿಟ್ಟು ಅವರು ಹೊರಟರು. ಆದೇಶದ ಜೆರಾಕ್ಸ್ ಮಾಡಿಸಿಕೊಳ್ಳಲಿಲ್ಲವೇ ಎಂದು ಅಪ್ಪನನ್ನು ಕೇಳಿದ್ದು ಸ್ಟೇಷನ್ನಿನಿಂದ ವಾಪಸ್ ಬರುವಾಗ. ಹೋಳಿ ಅಂತ ಅಂಗಡಿ ಮುಚ್ಚಿತ್ತು ಎಂದರು. ಹಿಂದಿನ ದಿನ ಆ ಅಂಗಡಿಯ ಭಯ್ಯಾ ನನಗೆ ಪಾಸ್‌ಪೋರ್ಟ್ ಸೈಜಿನ ಫೋಟೊ ಕೊಟ್ಟಿದ್ದ ಎಂದು ನನ್ನ ನೆನಪು. ಅದು ಅದರ ಹಿಂದಿನ ವಾರವೂ ಆಗಿರಬಹುದು. ನನ್ನ ಮೂರನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗೆ ಮೂರು ಪ್ರತಿ ಇರುವ ಮನೆಯಲ್ಲಿ ಆ ಆದೇಶಕ್ಕೆ ಒಂದೂ ಇಲ್ಲ.

ನನಗೆ ಭಯವಿತ್ತು. ಊರಿನಲ್ಲಿ ಇಂಗ್ಲಿಷು ಬಲ್ಲವರು ಯಾರಾದರೂ ಓದಿದರೆ? ಚಪ್ಪರದ ಕೆಳಗೆ, ನಾಲ್ಕು ಜನರ ಮುಂದೆ, ಅಂಥ ಮಾತು ಇದರಲ್ಲಿ ಎಲ್ಲೂ ಇಲ್ಲ ಎಂದುಬಿಟ್ಟರೆ? ಅಪ್ಪ ಅವರಿಗೆ ಕೊಟ್ಟದ್ದು ಯಾರು ಬೇಕಾದರೂ ಕಿತ್ತುಕೊಳ್ಳಬಹುದಾದ ವಸ್ತು ಎಂದು ಅನ್ನಿಸಿ ಆ ಬೇಸಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಪ್ಪ ಚೆನ್ನಾಗಿ ನಿದ್ದೆ ಮಾಡಿದರು.

ಮಳೆಗಾಲ ಕಳೆದು ಒಂದು ಭಾನುವಾರ ಫೋನು ಬಂತು. ಆ ಕಡೆ ದೊಡ್ಡಮ್ಮ, ಹಿಂದೆ ಯಾವುದೋ ಓಲಗ. ಬೂತಿನವನು ನಿಮಿಷ ಎಣಿಸುತ್ತಿದ್ದಾನೆ ಎಂದು ಬೇಗ ಬೇಗ ಹೇಳಿದರು. ಆವಣಿ ತಿಂಗಳಲ್ಲಿ ಮೂರು ಮದುವೆ ಆಯಿತಂತೆ. ಗಂಟಲು ಹೋಗಿ ಶುಂಠಿ ಜಗಿಯುತ್ತಿದ್ದಾರಂತೆ. ಕಾಗದಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರಂತೆ.

"ಯಾರಾದ್ರೂ ಓದಿದ್ರಾ ದೊಡ್ಡಮ್ಮ?" ಎಂದು ಕೇಳಿದೆ.

"ಓದ್ದೆ ಇದ್ದಾರಾ? ಐಸ್ಕೂಲ್ ಮೇಷ್ಟ್ರು ಬಂದು, ಎಲ್ರ ಮುಂದೆ, ಆ ಬಣ್ಣ ಇರ ಜಾಗ್ದಲ್ಲೇ ಕಣ್ಣಿಟ್ಟು ಓದುದ್ರು."

"ಏನಂತ ಓದಿದ್ರು?"

"ನಿಮ್ಮಪ್ಪಾರು ಓದ್ದಂಗೇ ಓದುದ್ರು ಕನವ್ವ. ಅವ್ರೂ ಮೂರ್ಸಲ ಓದುದ್ರು." ಅಷ್ಟರಲ್ಲಿ ಫೋನು ಕಟ್ಟಾಯಿತು.

ಹಾಗಾದರೆ ಆ ಮಾತು ಅಲ್ಲಿ ಇದ್ದಿರಬೇಕು, ಗಾಬರಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಅಥವಾ ಆ ಕಾಡಂಚಿನ ಊರಿನಲ್ಲಿ, ನಾನು ಎಂದೂ ನೋಡದ ಒಬ್ಬ ಮೇಷ್ಟ್ರು, ಗುಲಾಬಿ ಗುರುತಿನ ಮೇಲೆ ಕಣ್ಣಿಟ್ಟು, ಕೆಮ್ಮಿ, ದನಿ ಸರಿಮಾಡಿಕೊಂಡರು. ಎರಡರಲ್ಲಿ ಯಾವುದನ್ನು ಯೋಚಿಸಿದರೂ ನನಗೆ ಸಂತೋಷವಾಗುತ್ತದೆ. ಯಾವುದು ಹೆಚ್ಚು ಎಂದು ಹೇಳಲಾರೆ. ವಕೀಲೆಯ ಆಫೀಸಿನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ. ಮೆಟ್ರೊದಲ್ಲಿ ಅರ್ಧ ಗಂಟೆಯ ದಾರಿ. ನಾನು ಹೋಗಿಲ್ಲ.

ಅಪ್ಪ ನಿವೃತ್ತರಾಗಿ ನಾವು ಮಯೂರ್ ವಿಹಾರಿನ ಫ್ಲಾಟಿಗೆ ಬಂದ ಮೊದಲ ಚಳಿಗಾಲ. ಬಾಲ್ಕನಿಯ ಬಿಸಿಲಿನಲ್ಲಿ ಅಪ್ಪ ಬಟಾಣಿ ಸುಲಿಯುತ್ತಿದ್ದರು, ಒಂದು ಪಾತ್ರೆಗೆ, ಒಂದು ಬಾಯಿಗೆ. ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತ, ಏನೋ ಬೇರೆ ಮಾತಿನ ನಡುವೆ ಬಂದ ಹಾಗೆ ಕೇಳಿದೆ. ಅವರು ನನ್ನ ಕಡೆ ನೋಡಿದರು, ಪಾತ್ರೆಯನ್ನು ನನ್ನ ತೊಡೆಯ ಮೇಲಿಟ್ಟರು, ಇನ್ನೊಂದು ಕಿಲೋ ತರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ಆಮೇಲೆ ಎಷ್ಟೋ ಚಳಿಗಾಲ ಬಂದು ಹೋದವು. ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ಅವತ್ತು ನೀವು ಓದಿದ ಮಾತು ಆ ಕಾಗದದಲ್ಲಿ ಇತ್ತಾ?"